ಗಾಲಿ ಕೆಟ್ಟಿಲ್ಲ, ಹಬ್ ಕೆಟ್ಟಿದೆ

ಸೈಕಲ್ ಅಂಗಡಿಗಳಲ್ಲಿ ಈಗ ಒಂದು ಮಾತು ಮಂತ್ರದಂತೆ ಕೇಳಿಬರುತ್ತದೆ: ‘ಪೂರ್ತಿ ಗಾಲಿಯನ್ನೇ ಬದಲಾಯಿಸಿಬಿಡಿ.’ ಪುಣೆಯಲ್ಲಿ ಮರಾಠಿಯಲ್ಲಿ ಕೇಳಿ, ಚೆನ್ನೈಯಲ್ಲಿ ತಮಿಳಿನಲ್ಲಿ ಕೇಳಿ, ದೆಹಲಿಯಲ್ಲಿ ಹಿಂದಿಯಲ್ಲಿ ಕೇಳಿ, ಮಾತು ಒಂದೇ, ಧಾಟಿಯೂ ಒಂದೇ. ಗಿರಾಕಿಯ ಹಿತಕ್ಕಾಗಿ ಕೊಡುವ ಸಲಹೆಯಂತೆ ಅದು ಕೇಳಿಸುತ್ತದೆ. ವಾಸ್ತವದಲ್ಲಿ ಅದು ಸಲಹೆಯಲ್ಲ. ಕೆಲಸ ಮಾಡಲು ಒಲ್ಲೆನೆಂಬುದನ್ನು ನಯವಾಗಿ ಹೇಳುವ ಬಗೆ. ಈ ಬರಹ ಅದರ ವಿರುದ್ಧ. ಹಾಗೆಯೇ, ಆ ಮಾತನ್ನು ತಲೆಯಾಡಿಸಿ ಒಪ್ಪಿಕೊಂಡು ಮನೆಗೆ ಬಂದು ಗ್ರಾಮೋದ್ಯೋಗದ ಕುರಿತು ಪ್ರಬಂಧ ಬರೆಯುವ ನಮ್ಮಂಥವರ ವಿರುದ್ಧವೂ ಹೌದು.

ಸಂದರ್ಭವನ್ನು ಚುಟುಕಾಗಿ ಹೇಳುತ್ತೇವೆ. ನಮ್ಮ ಬಳಗದ ಗೆಳೆಯರೊಬ್ಬರ ಬಳಿ 20 ಇಂಚಿನ ಗಾಲಿಯ, ಮಡಚಿಡಬಹುದಾದ ಉಕ್ಕಿನ ಸೈಕಲ್ಲೊಂದಿದೆ. ಪುಣೆಯಲ್ಲಿ ಮನೆಯಿಂದ ಕಚೇರಿಗೆ, ಕಚೇರಿಯಿಂದ ನಮ್ಮ ವಾಚನ ಕೂಟಕ್ಕೆ ಅವರು ಓಡಾಡುವುದು ಅದರಲ್ಲೇ. ಅದರ ಹಿಂಗಾಲಿಯ ಅಚ್ಚು ಮುರಿಯಿತು. ಒಂದೂವರೆ ವರ್ಷದಲ್ಲಿ ಅದು ಎರಡನೆಯ ಸಲ. ರಿಮ್ ನೆಟ್ಟಗಿತ್ತು, ಟಯರ್ ಹೊಸದಿತ್ತು. ಮೊದಲ ಅಂಗಡಿಯವರು ಗಾಲಿ ಬದಲಾಯಿಸಿ ಎಂದರು. ಎರಡನೆಯವರು ‘ಇದು ಮಕ್ಕಳ ಗಾಲಿ, ಇದಕ್ಕೆಲ್ಲ ಖರ್ಚು ಮಾಡಬೇಡಿ, ಸೈಕಲ್ಲನ್ನೇ ಬದಲಾಯಿಸಿ’ ಎಂದು ಬಡ್ತಿ ಕೊಟ್ಟರು. ಮೂರನೆಯವರು ಸಜ್ಜನರು, ಇದ್ದಂಥದೇ ಹಬ್ ತಂದುಕೊಡಿ, ಹಾಕಿಕೊಡುತ್ತೇವೆ ಎಂದರು. ಬೇರೆ ಬಗೆಯ ಹಬ್ ಹಾಕಿ ಗಾಲಿಯನ್ನು ಹೊಸದಾಗಿ ಕಟ್ಟೋಣ ಎಂದವರು ಒಬ್ಬರೂ ಇಲ್ಲ.

ಈ ಮೂರು ಉತ್ತರಗಳಲ್ಲಿ ಮೂರನೆಯದೇ ಹೆಚ್ಚು ಮೋಸದ್ದು ಎಂಬುದು ನಮ್ಮ ಅಭಿಪ್ರಾಯ. ಮೊದಲೆರಡರಲ್ಲಿ ಸೋಮಾರಿತನ ಎದ್ದು ಕಾಣುತ್ತದೆ. ಮೂರನೆಯದು ದುರಸ್ತಿಯ ವೇಷ ತೊಟ್ಟು ಬರುತ್ತದೆ. ಅಚ್ಚು ಏಕೆ ಮುರಿಯಿತು ಎಂದು ಕೇಳದೆ ಅದೇ ಹಬ್ಬನ್ನು ಮತ್ತೆ ಕೂರಿಸುವುದೆಂದರೆ ಮೂರನೆಯ ಮುರಿತಕ್ಕೆ ಮುಹೂರ್ತ ಇಟ್ಟಂತೆ.

ಏಕೆ ಮುರಿಯಿತು? ಅಗ್ಗದ ಗಿಯರ್ ಸೈಕಲ್ಲುಗಳಲ್ಲಿ ಹಿಂದಿನ ಹಲ್ಲುಚಕ್ರಗಳ ಗೊಂಚಲು, ಅಂದರೆ ಫ್ರೀವೀಲ್, ಹಬ್ಬಿನ ಬಲಗಡೆಗೆ ತಿರುಪಿನಿಂದ ಕೂರುತ್ತದೆ. ಆ ಗೊಂಚಲಿಗೆ ಜಾಗ ಬೇಕಲ್ಲವೆ? ಅದಕ್ಕಾಗಿ ಬಲಗಡೆಯ ಬೇರಿಂಗ್ ಒಳಕ್ಕೆ ಸರಿಯುತ್ತದೆ. ಫ್ರೇಮು ಅಚ್ಚನ್ನು ಹಿಡಿದಿರುವುದು ಹೊರತುದಿಯಲ್ಲಿ. ಬೇರಿಂಗ್ ಭಾರ ಹೊರಿಸುವುದು ಒಳಗಡೆ. ನಡುವಿನ ಮೂರು–ನಾಲ್ಕು ಸೆಂಟಿಮೀಟರ್ ಅಚ್ಚಿಗೆ ಯಾವ ಆಸರೆಯೂ ಇಲ್ಲ. ಗುಂಡಿಗೆ ಬಿದ್ದಾಗಲೆಲ್ಲ ಅದು ಕೂದಲೆಳೆಯಷ್ಟು ಬಾಗುತ್ತದೆ, ಬಾಗಿ ಬಾಗಿ ಒಂದು ದಿನ ಕಡಿಯುತ್ತದೆ. ಸವಾರರ ತೂಕ ಹೆಚ್ಚಾಯಿತೆಂದು ಅಂಗಡಿಯವರು ನಕ್ಕರಂತೆ. ನಮ್ಮ ಗೆಳೆಯರು ಕಡ್ಡಿಪೈಲ್ವಾನರು. ದೋಷ ಅವರ ಮೈಯಲ್ಲಿಲ್ಲ, ಹಬ್ಬಿನ ರಚನೆಯಲ್ಲಿದೆ.

ಇದರ ಮೇಲೆ ಗಾಲಿಯ ಗಾತ್ರ. ದೊಡ್ಡ ಗಾಲಿ ದಾಟಿಹೋಗುವ ಗುಂಡಿಗೆ ಚಿಕ್ಕ ಗಾಲಿ ಇಳಿದು ಏಳುತ್ತದೆ. ಸಾಮಾನ್ಯ ದೊಡ್ಡ ಗಾಲಿ ಒಂದು ಕಿಲೋಮೀಟರ್ ಸಾಗಲು ಸುಮಾರು 470 ಸುತ್ತು ಸುತ್ತಿದರೆ ನಮ್ಮ 20 ಇಂಚಿನದು ಸುಮಾರು 650 ಸುತ್ತು ಸುತ್ತಬೇಕು. ಪೆಟ್ಟು ಹೆಚ್ಚು, ಸುತ್ತೂ ಹೆಚ್ಚು. ಆದ್ದರಿಂದ ಚಿಕ್ಕ ಗಾಲಿಗೆ ದೊಡ್ಡದಕ್ಕಿಂತ ಉತ್ತಮವಾದ ಹಬ್ ಬೇಕು. ಮಾರುಕಟ್ಟೆ ಮಾಡುವುದು ತದ್ವಿರುದ್ಧ: ಗಾತ್ರ ಚಿಕ್ಕದು, ಹಾಗಾಗಿ ಆಟಿಕೆ, ಆಟಿಕೆ, ಹಾಗಾಗಿ ಕಳಪೆ ಮಾಲು ಸಾಕು. ಆಮೇಲೆ ಆ ಕಳಪೆ ಮಾಲು ಮುರಿದಾಗ ‘ನೋಡಿ, ಚಿಕ್ಕ ಗಾಲಿ ಬಾಳುವುದಿಲ್ಲ’ ಎಂಬ ತೀರ್ಪು.

‘ಮಕ್ಕಳ ಗಾಲಿ’ ಎಂಬ ಈ ತಾತ್ಸಾರಕ್ಕೆ ಇತಿಹಾಸ ಅರವತ್ತು ವರ್ಷದ ಹಿಂದೆಯೇ ಉತ್ತರ ಕೊಟ್ಟಿದೆ. ಇಂಗ್ಲೆಂಡಿನ ಎಂಜಿನಿಯರ್ ಅಲೆಕ್ಸ್ ಮೋಲ್ಟನ್ 1962ರಲ್ಲಿ 16 ಇಂಚಿನ ಗಾಲಿಗಳ ಸೈಕಲ್ಲನ್ನು ಮಾರುಕಟ್ಟೆಗೆ ತಂದರು. ಅದೇ ಡಿಸೆಂಬರಿನಲ್ಲಿ ಜಾನ್ ವುಡ್‌ಬರ್ನ್ ಎಂಬ ಸವಾರ ಆ ಸೈಕಲ್ಲಿನಲ್ಲಿ ಕಾರ್ಡಿಫ್‌ನಿಂದ ಲಂಡನ್ನಿಗೆ ಹೋಗಿ, ಆ ಹಾದಿಯ ದಾಖಲೆಯನ್ನು ಮುರಿದರು. ಮೋಲ್ಟನ್ನರ ವಿನ್ಯಾಸವನ್ನು ಮೊದಲು ಬೇಡವೆಂದಿದ್ದ ರ‍್ಯಾಲಿ ಕಂಪನಿ ಚಿಕ್ಕ ಗಾಲಿಯ ತನ್ನದೇ ಸೈಕಲ್ಲನ್ನು 1965ರಲ್ಲಿ ಹೊರತಂದು, 1967ರಲ್ಲಿ ಮೋಲ್ಟನ್ನರ ಸೈಕಲ್ ಉದ್ಯಮವನ್ನೇ ಕೊಂಡುಕೊಂಡಿತು. ಚಿಕ್ಕ ಗಾಲಿಯ ಕಡ್ಡಿಗಳು ಗಿಡ್ಡ. ಗಿಡ್ಡವಾದ್ದರಿಂದಲೇ ಆ ಗಾಲಿ ಬಿಗಿ, ಬಲಿಷ್ಠ. ಲೋಹಕ್ಕೂ ಲೆಕ್ಕಕ್ಕೂ ಗೊತ್ತಿರುವ ಈ ಸಂಗತಿ ಗಲ್ಲಾಪೆಟ್ಟಿಗೆಯ ಹಿಂದೆ ಕೂತವರಿಗೆ ಮಾತ್ರ ಇನ್ನೂ ತಲುಪಿಲ್ಲ.

ನಾವು ಆರಿಸಿದ್ದು ಶಿಮಾನೊದ ನೆಕ್ಸಸ್ ಮಾದರಿಯ, ಎಂಟು ಗಿಯರುಗಳೂ ಒಳಗೇ ಅಡಗಿರುವ ಹಬ್. ಒಳಗಿಯರಿನ ಹಬ್ ಹೊಸ ಶೋಧವೇನಲ್ಲ. ನಾಟಿಂಗ್‌ಹ್ಯಾಮಿನಲ್ಲಿ 1902ರಲ್ಲಿ ಹುಟ್ಟಿದ ಸ್ಟರ್ಮಿ–ಆರ್ಚರ್ ಸಂಸ್ಥೆ ಮೂರು ಗಿಯರಿನ ಹಬ್ಬುಗಳಿಂದಲೇ ಲೋಕಪ್ರಸಿದ್ಧವಾಯಿತು. ಚಿಕ್ಕ ಗಾಲಿಗೆ ಈ ಬಗೆಯ ಹಬ್ ಒಪ್ಪುವುದಕ್ಕೆ ಬಲವಾದ ಕಾರಣವಿದೆ. ಹೊರಗಿಯರಿನ ಸೈಕಲ್ಲಿನಲ್ಲಿ ಚೈನನ್ನು ಹಲ್ಲಿನಿಂದ ಹಲ್ಲಿಗೆ ದಾಟಿಸುವ ಡಿರೇಲರ್ ಹಬ್ಬಿನ ಕೆಳಗೆ ಜೋತುಬೀಳುತ್ತದೆ. ದೊಡ್ಡ ಗಾಲಿಯಲ್ಲಿ ಅದು ನೆಲದಿಂದ ಸಾಕಷ್ಟು ಎತ್ತರದಲ್ಲಿರುತ್ತದೆ. ಚಿಕ್ಕ ಗಾಲಿಯಲ್ಲಿ ರಸ್ತೆಯನ್ನು ಮೂಸುತ್ತಾ ಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪುಣೆಯಲ್ಲೋ ಮುಂಬಯಿಯಲ್ಲೋ ಸೈಕಲ್ ಹೊಡೆದವರಿಗೆ ಆ ರಸ್ತೆಯ ಮೇಲೆ ಏನೇನು ಹರಿಯುತ್ತದೆಂದು ವಿವರಿಸಬೇಕಿಲ್ಲ. ಒಳಗಿಯರಿನಲ್ಲಿ ಈ ರಗಳೆಯಿಲ್ಲ. ಹಿಂದೆ ಒಂದೇ ಹಲ್ಲುಚಕ್ರ, ಚೈನು ನೇರ, ಉಳಿದದ್ದೆಲ್ಲ ಕರಡಿಗೆಯೊಳಗಿನ ಲಿಂಗದಂತೆ ಭದ್ರ.

ಲೆಕ್ಕವೂ ನಮ್ಮ ಪರವಾಗಿಯೇ ಇತ್ತು. ಹಳೆಯ ಫ್ರೀವೀಲಿನಲ್ಲಿ 14ರಿಂದ 28 ಹಲ್ಲು, ಮುಂದೆ 52. ಪೆಡಲಿನ ಒಂದು ಪೂರ್ಣ ಸುತ್ತಿಗೆ ಸೈಕಲ್ಲು ಸಾಗುತ್ತಿದ್ದುದು 2.8ರಿಂದ 5.7 ಮೀಟರ್. ಹೊಸ ಹಬ್ಬಿಗೆ 20 ಹಲ್ಲಿನ ಚಕ್ರ ಹಾಕಿದ ಮೇಲೆ ಅದು 2.1ರಿಂದ 6.4 ಮೀಟರಿಗೆ ಹಿಗ್ಗಿತು. ಏರಿಗೆ ಮೊದಲಿಗಿಂತ ಹಗುರ, ಇಳಿಜಾರಿಗೆ ಮೊದಲಿಗಿಂತ ಭಾರ. ಇದ್ದದ್ದನ್ನು ಇದ್ದಂತೆ ಉಳಿಸುವುದಷ್ಟೇ ದುರಸ್ತಿಯೆಂದು ತಿಳಿದವರು ಈ ಅಂಕಿಗಳನ್ನು ಎರಡು ಸಲ ಓದಬೇಕು. ಬಿಚ್ಚಿದ ಗಾಲಿಯನ್ನು ಮೊದಲಿಗಿಂತ ಉತ್ತಮವಾಗಿ ಕಟ್ಟಬಹುದು. ಅಂಗಡಿಯಿಂದ ತಂದ ಸಿದ್ಧ ಗಾಲಿಗೆ ಆ ಅವಕಾಶವಿಲ್ಲ.

ಕಷ್ಟ ಇರುವುದು ಕಡ್ಡಿಗಳಲ್ಲಿ. ಇಲ್ಲಿ ತುಸು ನಿಲ್ಲಬೇಕು, ಏಕೆಂದರೆ ‘ಆಗುವುದಿಲ್ಲ’ ಎಂದವರೆಲ್ಲ ತಪ್ಪಿಸಿಕೊಂಡದ್ದು ಇದೇ ತಿರುವಿನಲ್ಲಿ. ಹಬ್ಬಿನ ಎರಡೂ ಬದಿಗೆ ಕಡ್ಡಿಯ ತಲೆ ಕೂರುವ ತೂತುಗಳ ಬಿಲ್ಲೆಗಳಿವೆ. ಹಳೆಯ ಹಬ್ಬಿನಲ್ಲಿ ಆ ತೂತುಗಳ ವರ್ತುಲದ ವ್ಯಾಸ 45 ಮಿಲಿಮೀಟರ್. ಹೊಸದರಲ್ಲಿ ಅದರ ಎರಡರಷ್ಟು, 92ಕ್ಕೂ ತುಸು ಹೆಚ್ಚು. ಒಳಗೆ ಅಷ್ಟೊಂದು ಗಿಯರು ತುಂಬಿದ ಮೇಲೆ ಹೊಟ್ಟೆ ದೊಡ್ಡದಾಗಲೇಬೇಕು. ರಿಮ್ ಅದೇ, ಹಬ್ ಉಬ್ಬಿದೆ. ಹಾಗಾಗಿ ನಡುವಿನ ಅಂತರ ಕಿರಿದಾಯಿತು. ಹಳೆಯ ಕಡ್ಡಿಗಳು ಸುಮಾರು 186 ಮಿಲಿಮೀಟರ್ ಉದ್ದ. ಹೊಸದಾಗಿ ಬೇಕಾದದ್ದು ಸುಮಾರು 154. ಹಳೆಯ ಕಡ್ಡಿಯನ್ನೇ ತೂರಿಸಿದರೆ ಅದು ನಿಪ್ಪಲನ್ನು ದಾಟಿ ಟ್ಯೂಬಿಗೆ ಚುಚ್ಚುತ್ತದೆ.

ಉದ್ದದ ಲೆಕ್ಕ ದೇವರಹಸ್ಯವೇನಲ್ಲ. ರಿಮ್ಮಿನ ಒಳವ್ಯಾಸ, ಬಿಲ್ಲೆಯ ವ್ಯಾಸ, ಗಾಲಿಯ ನಡುಗೆರೆಯಿಂದ ಬಿಲ್ಲೆಗಿರುವ ದೂರ, ಕಡ್ಡಿಗಳು ಎಷ್ಟು ಸಲ ಒಂದನ್ನೊಂದು ದಾಟುತ್ತವೆಂಬ ಎಣಿಕೆ, ಇವಿಷ್ಟು ಗೊತ್ತಿದ್ದರೆ ಪಿಯುಸಿಯಲ್ಲಿ ಕಲಿತು ಮರೆತ ತ್ರಿಕೋನಮಿತಿ ಸಾಕು. ಆದರೆ ದಾಟುವ ಎಣಿಕೆಯಲ್ಲೇ ಒಂದು ಮೂಢನಂಬಿಕೆ ಕೂತಿದೆ. 36 ಕಡ್ಡಿಯ ಗಾಲಿಯೆಂದರೆ ಪ್ರತಿ ಕಡ್ಡಿಯೂ ಮೂರು ಕಡ್ಡಿಗಳನ್ನು ದಾಟಬೇಕು ಎಂಬುದು ದೊಡ್ಡ ಗಾಲಿಗಳಲ್ಲಿ ರೂಢಿಯಾದ ನಿಯಮ. ಅಲ್ಲಿ ಅದು ಸರಿಯೂ ಹೌದು. ಅದನ್ನೇ ದೊಡ್ಡ ಹೊಟ್ಟೆಯ ಹಬ್ಬಿರುವ ಚಿಕ್ಕ ಗಾಲಿಗೆ ಹೊರಿಸಿದರೆ ಕಡ್ಡಿ ರಿಮ್ಮನ್ನು ತೀರ ಓರೆಯಾಗಿ ಸೇರುತ್ತದೆ. ನಮ್ಮ ಲೆಕ್ಕದಲ್ಲಿ ಆ ಓರೆ ಸುಮಾರು 13 ಡಿಗ್ರಿ. ನಿಪ್ಪಲ್ ಅಷ್ಟು ವಾಲಲಾರದು. ಕಡ್ಡಿ ನಿಪ್ಪಲಿನ ಬಾಯಲ್ಲೇ ಬಾಗುತ್ತದೆ, ಕೆಲವು ತಿಂಗಳಲ್ಲಿ ಅಲ್ಲಿಯೇ ತುಂಡಾಗುತ್ತದೆ. ಒಂದೇ ಸಲ ದಾಟಿಸಿ ಕಟ್ಟಿದರೆ ಓರೆ 6 ಡಿಗ್ರಿಗೆ ಇಳಿಯುತ್ತದೆ. ಹಾಗೆಂದು ಒಂದನ್ನೂ ದಾಟಿಸದೆ ನೇರ ಕಟ್ಟುವಂತೆಯೂ ಇಲ್ಲ. ಹಿಂಗಾಲಿಯಲ್ಲಿ ಚೈನಿನ ಎಳೆತವನ್ನು ರಿಮ್ಮಿಗೆ ಮುಟ್ಟಿಸಲು ಕಡ್ಡಿಗೆ ಓರೆ ಬೇಕೇಬೇಕು. ಕವೆಂಟ್ರಿಯ ಜೇಮ್ಸ್ ಸ್ಟಾರ್ಲಿ 1874ರಲ್ಲಿ ಓರೆಕಡ್ಡಿಯ ಗಾಲಿಗೆ ಪೇಟೆಂಟ್ ಪಡೆದದ್ದು ಇದೇ ಕಾರಣಕ್ಕೆ.

ದೊಡ್ಡದಕ್ಕೆ ಮಾಡಿದ ನಿಯಮವನ್ನು ಚಿಕ್ಕದರ ಮೇಲೆ ಹೇರಿ, ಅದು ಮುರಿದಾಗ ಚಿಕ್ಕದನ್ನೇ ದೂರುವ ಈ ಪರಿ ಪರನಾಡಿನ ಕನ್ನಡ ಸಂಘಗಳಲ್ಲಿ ದುಡಿದವರಿಗೆ ಅಪರಿಚಿತವಲ್ಲ. ಅದನ್ನು ಇಲ್ಲಿಗೇ ಬಿಡುತ್ತೇವೆ. ಗಾಲಿಯನ್ನು ರೂಪಕ ಮಾಡಿ ಮುಗಿಸುವುದು ಸುಲಭ, ಕಟ್ಟಿ ಮುಗಿಸುವುದು ಕಷ್ಟ.

ಕಟ್ಟಿದವರು ಹಳೆಯ ಪೇಟೆಯ ಓಣಿಯೊಂದರಲ್ಲಿ ಕೂರುವ ಕಾಕಾ. ಅವರ ಬಳಿ ಗಾಲಿ ಕೂರಿಸುವ ಹಳೆಯ ಕಬ್ಬಿಣದ ಸ್ಟ್ಯಾಂಡು, ನಿಪ್ಪಲ್ ಕೀಲಿ, ಒಂದು ಮೋಟು ಪೆನ್ಸಿಲ್ ಇವೆ. ನಾವು ಬರೆದು ಒಯ್ದ ಲೆಕ್ಕವನ್ನು ಅವರು ಕಾಗದದ ಮೇಲೆ ನೋಡಲಿಲ್ಲ. ಹಬ್ಬನ್ನು ರಿಮ್ಮಿನ ನಡುವೆ ಹಿಡಿದು, ಒಂದು ಹಳೆಯ ಕಡ್ಡಿಯನ್ನು ಇಟ್ಟು, ಹೆಬ್ಬೆರಳಿನ ಉಗುರಿನಿಂದ ಗುರುತು ಮಾಡಿ, ‘ಒಂದೇ ದಾಟು ಸಾಕು’ ಎಂದರು. ಅವರು ಹೇಳಿದ ಉದ್ದಕ್ಕೂ ನಮ್ಮ ತ್ರಿಕೋನಮಿತಿಗೂ ಒಂದು ಮಿಲಿಮೀಟರ್ ವ್ಯತ್ಯಾಸ. 154ರ ಕಡ್ಡಿ ಪೇಟೆಯಲ್ಲಿ ಸಿದ್ಧವಾಗಿ ಸಿಗುವ ಸರಕಲ್ಲ; ಉದ್ದದ ಕಡ್ಡಿಯನ್ನು ಕತ್ತರಿಸಿ, ತುದಿಗೆ ಯಂತ್ರದಲ್ಲಿ ಹೊಸ ತಿರುಪು ಒತ್ತಿಸಬೇಕು. ಒತ್ತಿಸಬೇಕು, ಕೊರೆಸಬಾರದು. ಕೊರೆದ ತಿರುಪಿನಲ್ಲಿ ಲೋಹ ಕಡಿಮೆಯಾಗುತ್ತದೆ, ಒತ್ತಿದ ತಿರುಪಿನಲ್ಲಿ ಗಟ್ಟಿಯಾಗುತ್ತದೆ. ಕಾಕಾ ಆ ಯಂತ್ರವಿರುವ ಇನ್ನೊಂದು ಅಂಗಡಿಗೆ ತಮ್ಮ ಹುಡುಗನನ್ನು ಕಳಿಸಿ ಮಾಡಿಸಿದರು. ಫ್ರೇಮಿನ ಹಿಂದಿನ ಅಗಲ 130, ಹಬ್ಬಿನದು 132; ಉಕ್ಕಿನ ಫ್ರೇಮು ಆ ಎರಡು ಮಿಲಿಮೀಟರನ್ನು ಗೊಣಗದೆ ಒಪ್ಪಿಕೊಂಡಿತು.

ಆಮೇಲಿನ ಕೆಲಸ ಕಿವಿಯದು. ಬೆಂಡ್ ತೆಗೆಯುವುದೆಂದರೆ ರಿಮ್ಮು ಅಕ್ಕಪಕ್ಕಕ್ಕೆ ಓಲಾಡದಂತೆ ಮಾಡುವುದಷ್ಟೇ ಎಂದು ಬಹಳ ಜನ ತಿಳಿದಿದ್ದಾರೆ. ಕಡ್ಡಿಗಳ ಬಿಗಿ ಒಂದೊಂದು ಒಂದೊಂದು ಥರ ಇದ್ದರೂ ರಿಮ್ಮು ನೆಟ್ಟಗೆ ನಿಲ್ಲಬಲ್ಲದು. ಹದಿನೈದು ದಿನ ನಿಂತು ಮತ್ತೆ ಸೊಟ್ಟಗಾಗುತ್ತದೆ. ಎತ್ತಿನಗಾಡಿಯ ಚಕ್ರದಲ್ಲಿ ಭಾರವನ್ನು ಹೊರುವುದು ಗುಂಭದ ಕೆಳಗಿನ ಮರದ ಅರ; ಅದು ಕಂಬದಂತೆ ಅದುಮಿಸಿಕೊಂಡು ನಿಲ್ಲುತ್ತದೆ. ಸೈಕಲ್ಲಿನ ತಂತಿಕಡ್ಡಿಗೆ ಹಾಗೆ ನಿಲ್ಲುವ ತ್ರಾಣವಿಲ್ಲ. ಎಲ್ಲ ಕಡ್ಡಿಗಳನ್ನೂ ಮೊದಲೇ ಬಿಗಿಯಾಗಿ ಎಳೆದಿಟ್ಟಿರುತ್ತಾರೆ. ಭಾರ ಬಿದ್ದಾಗ ಕೆಳಗಿನ ಕಡ್ಡಿಗಳ ಎಳೆತ ತುಸು ಸಡಿಲುತ್ತದೆ, ಅಷ್ಟೆ. ಜಾಬ್ಸ್ಟ್ ಬ್ರಾಂಡ್ಟ್ ಎಂಬ ಎಂಜಿನಿಯರ್ 1981ರಲ್ಲಿ ಸೈಕಲ್ ಗಾಲಿಯ ಮೇಲೆ ಬರೆದ ಪುಸ್ತಕದಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದ್ದಾರೆ. ಹಾಗಾಗಿ ಗಾಲಿಯ ಆಯುಷ್ಯ ಇರುವುದು ಎಳೆತದ ಸಮತೆಯಲ್ಲಿ. ಅದನ್ನು ಕಾಕಾ ಮೀಟುತ್ತಾರೆ. ಒಂದೊಂದೇ ಕಡ್ಡಿಯನ್ನು ಉಗುರಿನಿಂದ ಮೀಟಿ ಕೇಳುತ್ತಾರೆ, ಕಾಲು ಸುತ್ತು ತಿರುಗಿಸುತ್ತಾರೆ, ಮತ್ತೆ ಮೀಟುತ್ತಾರೆ.

ಗಿಡ್ಡ ತಂತಿಯ ಶ್ರುತಿ ಏರುತ್ತದೆ. ದೊಡ್ಡ ಗಾಲಿಯ 290 ಮಿಲಿಮೀಟರ್ ಕಡ್ಡಿಯನ್ನು ಷಡ್ಜವೆಂದು ಇಟ್ಟುಕೊಂಡರೆ, ಅಷ್ಟೇ ದಪ್ಪದ, ಅಷ್ಟೇ ಬಿಗಿಯ 154ರ ಕಡ್ಡಿ ಹೆಚ್ಚುಕಡಿಮೆ ಶುದ್ಧ ನಿಷಾದದಲ್ಲಿ ನುಡಿಯುತ್ತದೆ. ದೊಡ್ಡ ಗಾಲಿಗೆ ಒಗ್ಗಿದ ಕಿವಿ ಅದನ್ನು ಕೇಳಿ ಅತಿಬಿಗಿಯಾಯಿತೆಂದು ಸಡಿಲಿಸಿಬಿಡುವ ಅಪಾಯವಿದೆ. ಕಾಕಾಗೆ ಸ್ವರಗಳ ಹೆಸರು ಗೊತ್ತಿಲ್ಲ, ಆದರೆ ಎಷ್ಟು ಏರಬೇಕೆಂಬುದು ಗೊತ್ತು. ಕುಂದಗೋಳದ ಸವಾಯಿ ಗಂಧರ್ವರ ಹೆಸರಿನಲ್ಲಿ, ಗದುಗಿನ ಭೀಮಸೇನ ಜೋಶಿಯವರು ಕಟ್ಟಿ ಬೆಳೆಸಿದ ಉತ್ಸವಕ್ಕೆ ಪ್ರತಿವರ್ಷ ಪುಣೆಯಲ್ಲಿ ನಾವೆಲ್ಲ ಶಾಲು ಹೊದ್ದು ಹೋಗುತ್ತೇವೆ. ತಂಬೂರಿ ಕೂದಲೆಳೆಯಷ್ಟು ಇಳಿದರೆ ಮುಖ ಹಿಂಡುತ್ತೇವೆ. 36 ತಂತಿಗಳನ್ನು ಸಮಶ್ರುತಿಗೆ ತರುವ ಈ ಮನುಷ್ಯ ನಾನೂರು ರೂಪಾಯಿ ಎಂದರೆ ‘ಮುನ್ನೂರಕ್ಕೆ ಮಾಡಿ ಕಾಕಾ’ ಎನ್ನುತ್ತೇವೆ. ನಮ್ಮ ಬಳಗದೊಳಗೇ ಹಾಗೆ ಚೌಕಾಸಿ ಮಾಡುವವರಿದ್ದಾರೆ, ಹೆಸರು ಬೇಡ.

ಇನ್ನು ಹಣದ ಮಾತು. ನಮ್ಮನ್ನು ವಿರೋಧಿಸುವವರ ಕೈಯಲ್ಲಿರುವ ದೊಡ್ಡ ದೊಣ್ಣೆ ಅದೇ. ಹಬ್, ಕಡ್ಡಿ, ತಿರುಪಿನ ಖರ್ಚು, ಕೂಲಿ ಎಲ್ಲ ಕೂಡಿಸಿದರೆ ಅಗ್ಗದ ಸಿದ್ಧ ಗಾಲಿಯ ಬೆಲೆಯನ್ನು ಎಷ್ಟೋ ಮೀರುತ್ತದೆ. ಹೌದು, ಮೀರುತ್ತದೆ. ಅಗ್ಗವೆಂದು ನಾವು ಎಲ್ಲೂ ವಾದಿಸಿಲ್ಲ. ಆದರೆ ಅಗ್ಗದ ಗಾಲಿಯ ಬೆಲೆಯನ್ನು ಕಾಣುವವರು ಅದರೊಂದಿಗೆ ಬರುವ ಅದೇ ಫ್ರೀವೀಲ್ ಹಬ್, ಅದೇ ಆಸರೆಯಿಲ್ಲದ ಅಚ್ಚು, ಮತ್ತೆ ಮುರಿದ ದಿನ ನಡುರಸ್ತೆಯಲ್ಲಿ ಮಳೆಗೆ ನಿಲ್ಲುವುದು, ಗುಜರಿಗೆ ಹೋಗುವ ಗಟ್ಟಿಮುಟ್ಟಾದ ರಿಮ್ಮು, ಇವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇನ್ನೊಂದನ್ನಂತೂ ಎಂದೂ ಹಿಡಿಯುವುದಿಲ್ಲ: ಕಾಕಾನಂಥವರಿಗೆ ತಿಂಗಳಿಗೆ ನಾಲ್ಕು ಗಾಲಿ ಕಟ್ಟುವ ಕೆಲಸವೂ ಸಿಗದಿದ್ದರೆ ಅವರ ಹುಡುಗ ಈ ವಿದ್ಯೆ ಕಲಿಯುವುದಿಲ್ಲ, ಮೊಬೈಲ್ ಕವರ್ ಮಾರುತ್ತಾನೆ. ಆಗ ನಾವು ದುಬಾರಿ ಕೂಲಿ ಕೊಡುತ್ತೇವೆಂದರೂ ಗಾಲಿ ಕಟ್ಟುವವರಿರುವುದಿಲ್ಲ. ದೆಹಲಿಯ ಝಂಡೇವಾಲಾನ್ ಸೈಕಲ್ ಪೇಟೆಗೆ ಹತ್ತಿರವಿರುವ ನಮ್ಮ ಓದುಗರು ಸುಮ್ಮನೆ ಒಮ್ಮೆ ವಿಚಾರಿಸಿ ನೋಡಲಿ, ಹೊಸ ಗಾಲಿ ಮಾರುವವರೆಷ್ಟು, ಹಳೆಯದನ್ನು ಕಟ್ಟಿಕೊಡುವವರೆಷ್ಟು ಎಂದು.

ಸರ್ಕಾರವೂ ಈ ಕಡೆ ನೋಡುತ್ತಿಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ದುರಸ್ತಿಯ ಹಕ್ಕಿನ ಕುರಿತು ಸಮಿತಿಯನ್ನು ರಚಿಸಿತು. ಅದು ಗುರುತಿಸಿದ ಕ್ಷೇತ್ರಗಳು ನಾಲ್ಕು: ಕೃಷಿ ಉಪಕರಣ, ಮೊಬೈಲ್ ಮತ್ತು ಟ್ಯಾಬ್ಲೆಟ್, ಬಾಳಿಕೆಯ ಗೃಹೋಪಯೋಗಿ ವಸ್ತು, ಮೋಟಾರು ವಾಹನ. ಸೈಕಲ್ಲಿನ ಹೆಸರಿಲ್ಲ. ಸೈಕಲ್ಲನ್ನು ಹೇಗೂ ಎಲ್ಲರೂ ರಿಪೇರಿ ಮಾಡುತ್ತಾರೆ, ಅದಕ್ಕೇಕೆ ಹಕ್ಕು ಎಂದು ಭಾವಿಸಿರಬಹುದು. ಎಲ್ಲ ಕಂಪನಿಗಳ ಕಡ್ಡಿ, ನಿಪ್ಪಲ್, ರಿಮ್ಮಿನ ತೂತು ಒಂದಕ್ಕೊಂದು ಹೊಂದುತ್ತಿದ್ದ ಕಾಲದಲ್ಲಿ ಅದು ನಿಜವಾಗಿತ್ತು. ಈಗ ತನ್ನದೇ ಕಡ್ಡಿ, ತನ್ನದೇ ಹಬ್ ಇಟ್ಟು ಬೇರಾರೂ ಮುಟ್ಟಲಾಗದಂಥ ಸಿದ್ಧ ಗಾಲಿಗಳು ಬರುತ್ತಿವೆ. ನಮ್ಮ ಗೆಳೆಯರ ಸೈಕಲ್ಲು ಬಚಾವಾದದ್ದು ಅದರ ರಿಮ್ಮಿಗೆ ಸಾದಾ 36 ತೂತುಗಳಿದ್ದವು ಎಂಬ ಒಂದೇ ಪುಣ್ಯದಿಂದ.

ಈ ಲೇಖನದ ಕರಡನ್ನು ಬಳಗದಲ್ಲಿ ಓದಿದಾಗ ಹಿರಿಯರೊಬ್ಬರು ‘ಇದು ಸಾಹಿತ್ಯದ ವಿಷಯವೇ?’ ಎಂದು ಕೇಳಿದರು. ಅವರ ಬಗ್ಗೆ ನಮಗೆ ಗೌರವವಿದೆ, ಪ್ರಶ್ನೆಯ ಬಗ್ಗೆ ಇಲ್ಲ. ಮೇದರ ಕೇತಯ್ಯ ಬಿದಿರು ಸೀಳುತ್ತಿದ್ದವರು, ನುಲಿಯ ಚಂದಯ್ಯ ಹಗ್ಗ ಹೊಸೆಯುತ್ತಿದ್ದವರು. ಅವರ ವಚನಗಳನ್ನು ಕಾಯಕದಿಂದ ಬಿಡಿಸಿ ಓದುವುದು ಹೇಗೆಂದು ನಮಗೆ ಇನ್ನೂ ತಿಳಿದಿಲ್ಲ. ಕಾರಂತರು ಮಕ್ಕಳಿಗೂ ದೊಡ್ಡವರಿಗೂ ವಿಜ್ಞಾನವನ್ನು ಕನ್ನಡದಲ್ಲಿ ಬರೆಯಲು ಕೂತಾಗ ಇದು ಸಾಹಿತ್ಯವೇ ಎಂದು ಅನುಮತಿ ಕೇಳಲಿಲ್ಲ. ಗುಂಭ, ಅರ, ಅಚ್ಚು, ಕಡಾಣಿ ಎಂದು ಗಾಡಿಯ ಒಂದೊಂದು ಅಂಗಕ್ಕೂ ಹೆಸರಿದ್ದ ಭಾಷೆ ನಮ್ಮದು. ಆ ಹೆಸರುಗಳನ್ನು ಕೊಟ್ಟವರು ಬಡಗಿಗಳು, ಕಮ್ಮಾರರು, ಗಾಡಿ ಹೊಡೆಯುವವರು. ಪದಗಳನ್ನು ನಿಘಂಟಿನಲ್ಲಿ ಜೋಪಾನವಾಗಿಟ್ಟು, ಕೈಗಳನ್ನು ಬೀದಿಪಾಲು ಮಾಡುವುದು ಯಾವ ಬಗೆಯ ಕನ್ನಡ ಸೇವೆ?

ಕೊನೆಯದಾಗಿ, ನಮ್ಮ ಮಾತು ಕೇಳಿ ಗಾಲಿ ಕಟ್ಟಿಸಲು ಹೊರಡುವವರಿಗೆ ನಾಲ್ಕು ವಿಷಯ. ‘20 ಇಂಚು’ ಎಂದಷ್ಟೇ ಹೇಳಬೇಡಿ; ಆ ಹೆಸರಿನಲ್ಲಿ 406 ಮತ್ತು 451 ಮಿಲಿಮೀಟರಿನ ಎರಡು ಬೇರೆ ರಿಮ್ಮುಗಳಿವೆ. 16 ಇಂಚಿನಲ್ಲೂ ಹಾಗೆಯೇ, 305 ಮತ್ತು 349. ಟಯರಿನ ಪಕ್ಕದಲ್ಲಿ ಅಚ್ಚಾಗಿರುವ ಸಂಖ್ಯೆಯನ್ನು ಓದಿಕೊಂಡು ಹೋಗಿ. ಹಬ್ ಕೊಳ್ಳುವ ಮುನ್ನ ರಿಮ್ಮಿನ ತೂತುಗಳನ್ನು ಎಣಿಸಿ, ಫ್ರೇಮಿನ ಹಿಂದಿನ ಅಗಲವನ್ನು ಅಳೆಯಿರಿ; ಫ್ರೇಮು ಅಲ್ಯೂಮಿನಿಯಮ್ಮಿನದಾದರೆ ಅದನ್ನು ಅಗಲಿಸುವ ಸಾಹಸ ಬೇಡ. ಹಬ್ ಕೈಗೆ ಬಂದು ಅಳತೆ ತೆಗೆಯುವವರೆಗೆ ಕಡ್ಡಿ ಕತ್ತರಿಸಲು ಹೇಳಬೇಡಿ. ಕಟ್ಟಿದ ಮೇಲೆ ನೂರು ಕಿಲೋಮೀಟರ್ ಓಡಿಸಿ ಗಾಲಿಯನ್ನು ಮತ್ತೆ ಅವರ ಬಳಿಗೇ ಒಯ್ಯಿರಿ. ಹೊಸ ಕಡ್ಡಿಗಳು ಅಷ್ಟರಲ್ಲಿ ತಮ್ಮ ಜಾಗದಲ್ಲಿ ಕೂತು ತುಸು ಸಡಿಲಾಗಿರುತ್ತವೆ, ಇನ್ನೊಮ್ಮೆ ಮೀಟಿ ಸರಿಪಡಿಸಬೇಕು. ಅವರು ಅದಕ್ಕೆ ಹಣ ಕೇಳಲಿಕ್ಕಿಲ್ಲ. ಕೊಟ್ಟು ಬನ್ನಿ.